ಏಣಿಯ ಕೆಳಗಿನ ಅಭಿಪ್ರಾಯಗಳು

ನಮ್ಮ ಮಾಡಗ್ಯಾಳದಲ್ಲಿ ಗೋಡೆಗೆ ಬಣ್ಣ ಹಚ್ಚಲು ಒಬ್ಬ ಸಾಕು. ಅವನು ಹಚ್ಚುವುದನ್ನು ನೋಡಲು ಮಾತ್ರ ಐದಾರು ಮಂದಿ ಬೇಕು. ಅವರಿಗೆ ಯಾರೂ ಹೇಳಿ ಕಳಿಸುವುದಿಲ್ಲ. ಪೇಂಟರ್ ಏಣಿ ಆನಿಸಿದ್ದೇ ತಡ, ಚಹಾದಂಗಡಿಯ ಬಾಕಿನಿಂದ ತಾವಾಗಿಯೇ ಎದ್ದು ಬಂದು ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾರೆ. "ಎಡಕ್ಕ ಮ್ಯಾಲ ಒಂದೀಟ ಉಳೀತ ನೋಡೋ ತಮ್ಮಾ" ಎಂದು ಒಬ್ಬರು. "ಗುಲಾಬಿ ಹೇಳಿದ್ರ ಉಳ್ಳಾಗಡ್ಡಿ ಸಿಪ್ಪಿ ಬಣ್ಣ ಆತಲ್ಲೋ" ಎಂದು ಇನ್ನೊಬ್ಬರು. ಮನೆ ಇವರದಲ್ಲ, ರೊಕ್ಕ ಇವರದಲ್ಲ, ಡಬ್ಬಿ ಹಿಡಿದವನೂ ಇವರ ಪೈಕಿ ಅಲ್ಲ. ಆದರೂ ಎರಡನೇ ಕೋಟು ಮುಗಿಯುವವರೆಗೆ ಯಾರೂ ಜಾಗ ಬಿಟ್ಟು ಕದಲುವುದಿಲ್ಲ.

ಇದು ನಮ್ಮೂರ ನೀರಿನ ಗುಣ ಅನ್ನೋಣವೆಂದರೆ ನೀರೇ ಇಲ್ಲ. ಆದ್ದರಿಂದ ಕುರಿಯ ಗುಣ ಅನ್ನಬೇಕು. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಈ ಬಯಲುಸೀಮೆಯ ಹೆಸರನ್ನು ನಾಲ್ಕು ಜಿಲ್ಲೆಗೆ ಮುಟ್ಟಿಸಿದ್ದು ಮಾಡಗ್ಯಾಳ ತಳಿಯ ಕುರಿ. ಎತ್ತರದ ನಿಲುವು, ಜೋತ ಕಿವಿ, ಗಿಳಿಯ ಕೊಕ್ಕಿನಂತೆ ಉಬ್ಬಿ ಬಾಗಿದ ಮೂಗು, ಬಿಳಿಯ ಮೈಮೇಲೆ ಅಲ್ಲಲ್ಲಿ ಕಂದು ಮಚ್ಚೆ. ಆ ಮೂಗು ಎಷ್ಟು ಬಾಗಿದೆ, ಮಚ್ಚೆ ಎಲ್ಲಿ ಬಿದ್ದಿದೆ ಎಂಬುದರ ಮೇಲೆ ಬೆಲೆ ಏರಿಳಿಯುತ್ತದೆ. 2020ರಲ್ಲಿ ಆಟಪಾಡಿಯ ಸಂತೆಯಲ್ಲಿ ಈ ತಳಿಯ ಒಂದು ಟಗರಿಗೆ 70 ಲಕ್ಷ ರೂಪಾಯಿ ಕೇಳಿದರೂ ಮಾಲೀಕ ಕೊಡಲಿಲ್ಲ ಎಂದು ಪೇಪರಿನಲ್ಲೆಲ್ಲ ಬಂತು. ಬಣ್ಣದ ಕಲೆಯೊಂದು ಎರಡು ಬೆರಳು ಆಚೆ ಬಿದ್ದರೆ ದರ ಇಳಿಯುವ ವ್ಯವಹಾರದಲ್ಲಿ ಪಳಗಿದ ಕಣ್ಣು, ಗೋಡೆಯ ಮುಂದೆ ಸುಮ್ಮನೆ ಕೂರು ಎಂದರೆ ಕೂತೀತೇ?

ಇಂಥ ಊರಿಗೆ ಪುಣೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನ್ನ ತಂಗಿಯ ಮಗ ದೀಪಾವಳಿಗೆ ಬಂದ. ಫರಾಳದ ತಾಟು ಒಂದು ಕೈಯಲ್ಲಿ, ಲ್ಯಾಪ್‌ಟಾಪ್ ಇನ್ನೊಂದು ಕೈಯಲ್ಲಿ. "ಮಾಮಾ, ಆಫೀಸಿನ ಟೆನ್ಶನ್‌ಗೆ ತಲಿ ಗಿಂ ಅಂತೈತಿ, ಇದನ್ನ ಆಡಿದ್ರ ಆರಾಮ ಅನಸ್ತೈತಿ" ಎಂದ. ಏನಪ್ಪಾ ಅದು ಎಂದು ಇಣುಕಿದೆ. ಪೈಪು ಹಿಡಿದು ಕೆಸರು ಮೆತ್ತಿದ ಗಾಡಿ ತೊಳೆಯುತ್ತಿದ್ದ. ಬ್ರಿಟನ್ನಿನ ಫ್ಯೂಚರ್‌ಲ್ಯಾಬ್ ಎಂಬ ಕಂಪನಿ 2022ರಲ್ಲಿ ಪೂರ್ತಿಯಾಗಿ ಹೊರತಂದ ಪವರ್‌ವಾಶ್ ಸಿಮ್ಯುಲೇಟರ್ ಅಂತೆ. ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಯಾರೂ ಸಾಯುವುದಿಲ್ಲ. ಜೋರು ನೀರು ಬಿಟ್ಟು ಕೊಳೆ ತೆಗೆಯುವುದಷ್ಟೇ ಆಟ.

ಆ ಆಟ ನಮ್ಮ ಮನೆಯಲ್ಲಿ ಬಾಳಲಿಲ್ಲ. ನಮ್ಮವ್ವ ಅಂಗಳದಿಂದ ಒಳಗೆ ಬಂದವಳೇ ನೋಡಿದಳು, "ಆ ನಳ ಬಂದ್ ಮಾಡೋ ಮೊದಲ!" ಎಂದು ಕೂಗಿದಳು. ಅದು ಸುಳ್ಳು ನೀರು ಆಯೀ ಎಂದು ಮೊಮ್ಮಗ ಎಷ್ಟು ಹೇಳಿದರೂ ಕೇಳಲಿಲ್ಲ. ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ ಹೆಂಗಸಿಗೆ ನಿಜದ ನೀರು, ಸುಳ್ಳು ನೀರು ಎಂಬ ಭೇದವಿಲ್ಲ; ಹರಿದು ಹೋಗುವ ನೀರೆಲ್ಲ ಒಂದೇ. ಕೃಷ್ಣಾ ನದಿಯ ಮ್ಹೈಸಾಳ ಏತ ನೀರಾವರಿಯ ನೀರು ಬರುತ್ತದೆ, ಬಂತು, ಬಂದೇ ಬಿಟ್ಟಿತು ಎಂದು ಕೇಳುತ್ತಲೇ ನಮ್ಮ ಭಾಗದ ಒಂದು ತಲೆಮಾರು ಮುದುಕಾಯಿತು. 2022ರ ಕೊನೆಗೆ ಜತ್ತದ ಹಳ್ಳಿಗಳು ಯಾವ ರಾಜ್ಯದಲ್ಲಿರಬೇಕು ಎಂಬ ಗದ್ದಲ ಎದ್ದಾಗ ಎರಡೂ ಕಡೆಯ ಟಿವಿಯವರು ಬಂದು ಮೈಕು ಹಿಡಿದರು. ಆಗಲೂ ಜನ ಕೇಳಿದ್ದು ನೀರನ್ನೇ. ಅಂಥಲ್ಲಿ ಮನಸ್ಸಿನ ಆರಾಮಕ್ಕೆ ಗಾಡಿಯ ಮೇಲೆ ನೀರು ಸುರಿಯುವ ಆಟ!

ಹುಡುಗ ಶಾಣ್ಯಾ. ಮರುದಿನ ನೀರು ಬಿಟ್ಟು ಬಣ್ಣ ಹಿಡಿದ. 2025ರಲ್ಲಿ ಬಂದ ದಿ ಸ್ಪ್ರೇ ಪೇಂಟ್ ಸಿಮ್ಯುಲೇಟರ್. ಸ್ಪ್ಯಾಟರ್‌ವಿಲ್ ಎಂಬ ಇಲ್ಲದ ಊರಿನಲ್ಲಿ ನೀವೊಂದು ಬಣ್ಣದ ಕಂಪನಿ ತೆರೆಯುತ್ತೀರಿ. ಬಣ್ಣ ತಾಗಬಾರದ ಕಡೆ ಟೇಪು ಅಂಟಿಸಬೇಕು, ಪ್ರೈಮರ್ ಹೊಡೆಯಬೇಕು, ಆಮೇಲೆ ಗನ್ನು ಹಿಡಿದು ಬಣ್ಣ. ಮೊದಲು ಕಾರು, ಅಡುಗೆಮನೆ, ಮುಂದೆ ಸೇತುವೆ, ಕಡೆಗೆ ಗುಡ್ಡದಂಥ ರೋಬೋಟು. ಇದಕ್ಕೆ ಹಿಂದೆ 2018ರಲ್ಲೇ ಹೌಸ್ ಫ್ಲಿಪ್ಪರ್ ಎಂಬ ಆಟ ಬಂದಿತ್ತು, ಅದರಲ್ಲಿ ರೋಲರು ಹಿಡಿದು ಗೋಡೆಯನ್ನು ಪಟ್ಟಿಪಟ್ಟಿಯಾಗಿ ಬಳಿಯಬೇಕಿತ್ತು ಎಂದು ಅಳಿಯ ಇತಿಹಾಸ ಹೇಳಿದ. ಹಾಗೆ ನೋಡಿದರೆ 1992ರಲ್ಲೇ ನಿಂಟೆಂಡೋದವರು ಮಾರಿಯೋ ಪೇಂಟ್ ಮಾಡಿದ್ದರು. ಚಿತ್ರ ಬರೆದು ಬೇಸರವಾದವರಿಗೆ ನೊಣ ಹೊಡೆಯುವ ಆಟವನ್ನೂ ಅದರೊಳಗೇ ಇಟ್ಟಿದ್ದರಂತೆ. ಆ ಎರಡನೆಯದನ್ನು ನಮ್ಮೂರಿನವರು ಕಂಪ್ಯೂಟರ್ ಇಲ್ಲದೆಯೇ ಸಂತೆಯ ದಿನ ಆಡುತ್ತ ಬಂದಿದ್ದಾರೆ.

ಇನ್ನು ಆಡಿದವರ ಅಭಿಪ್ರಾಯಗಳು. ಈ ಆಟಗಳನ್ನು ಮಾರುವ ಸ್ಟೀಮ್ ಎಂಬ ಅಂಗಡಿಯಲ್ಲಿ ಕೊಂಡವರೆಲ್ಲ ಹೆಬ್ಬೆರಳು ಮೇಲೆತ್ತಬಹುದು, ಇಲ್ಲವೇ ಕೆಳಗಿಳಿಸಬಹುದು. ಪಕ್ಕದಲ್ಲಿ ಅವರು ಎಷ್ಟು ತಾಸು ಆಡಿದ್ದಾರೆ ಎಂಬುದನ್ನು ಅಂಗಡಿಯವರೇ ಅಚ್ಚು ಹಾಕಿರುತ್ತಾರೆ. ಅಳಿಯ ಒಂದೊಂದೇ ಓದಿ ಹೇಳಿದ. ಮನಸ್ಸಿಗೆ ಸಮಾಧಾನವಾಯಿತು ಎಂಬವರೇ ಬಹಳ. ಹಾಡು ಹಚ್ಚಿಕೊಂಡು ಆಡಲು ಲಾಯಕ್ಕು ಎಂಬವರು ಕೆಲವರು. ಇಷ್ಟು ಬೇಗ ಮುಗಿದರೆ ಹೇಗೆ, ಇನ್ನಷ್ಟು ಗೋಡೆ ಕೊಡಿ ಎಂಬವರೂ ಇದ್ದಾರೆ. ನಾನು ಆ ಮಾತನ್ನು ಎರಡು ಸಲ ಓದಿಸಿ ಕೇಳಿದೆ. ಬಳಿಯಲು ಇನ್ನಷ್ಟು ಗೋಡೆ ಬೇಕೆಂದು, ಅದೂ ಕೈಯಿಂದ ದುಡ್ಡು ಕೊಟ್ಟು, ಬೇಡುವ ಮನುಷ್ಯರು ಈ ಭೂಮಿಯ ಮೇಲಿದ್ದಾರೆ. ಎಂಟು ದಿನ ರಾತ್ರಿ ನಿದ್ದೆಗೆಟ್ಟು ಆಡಿ ಮುಗಿಸಿ, ಬೆಳಿಗ್ಗೆ ಎದ್ದು ಬೆರಳು ಕೆಳಗಿಳಿಸುವ ಮಹಾನುಭಾವರೂ ಇದ್ದಾರೆ. ಅಂಥವರನ್ನು ನಾನು ಬಲ್ಲೆ. ಮದುವೆಯಲ್ಲಿ ಮೂರನೇ ಸಲ ಹುಗ್ಗಿ ಹಾಕಿಸಿಕೊಂಡು ಬೆಲ್ಲ ಕಮ್ಮಿ ಎನ್ನುವ ವಂಶ ಅದು.

ಆರಾಮ ಎಂಬ ಮಾತನ್ನು ಪರೀಕ್ಷೆ ಮಾಡಿದವರೂ ಉಂಟು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮೊದಲು ಹೇಳಿದೆನಲ್ಲ, ಆ ತೊಳೆಯುವ ಆಟದ ವಿಶೇಷ ಆವೃತ್ತಿಯೊಂದನ್ನು ಮಾಡಿಸಿದರು. ಆಟದ ನಡುನಡುವೆಯೇ ಈಗ ಮನಸ್ಸು ಹೇಗಿದೆ ಎಂದು ಕೇಳಿ 39 ದೇಶಗಳ 8,695 ಮಂದಿಯಿಂದ ಉತ್ತರ ಪಡೆದರು. ಹೆಚ್ಚಿನವರ ಮನಸ್ಸು ತುಸು ಹಗುರಾಗುತ್ತದೆ, ಅದೂ ಮೊದಲ ಕಾಲು ತಾಸಿನೊಳಗೇ, ಎಂದು ಲೆಕ್ಕ ಕೊಟ್ಟರು. ನಮ್ಮೂರ ಪೇಂಟರನ ಮೊದಲ ಕಾಲು ತಾಸು ಏಣಿ ಯಾರ ಮನೆಗೆ ಹೋಗಿದೆ ಎಂದು ಹುಡುಕುವುದರಲ್ಲೇ ಹೋಗುತ್ತದೆ. ಅವನ ಮನಸ್ಸು ಹಗುರಾಗುವುದು ಕಡೆಯ ಕಾಲು ತಾಸಿನಲ್ಲಿ, ಅದೂ ಗಿರಾಕಿ ಮನೆಯಲ್ಲಿದ್ದರೆ.

ಆ ಪೇಂಟರನೇ ಅಂದು ಸಂಜೆ ಬಂದ. ದಸರೆಯಿಂದ ದೀಪಾವಳಿಯವರೆಗೆ ಅವನು ಕಣ್ಣಿಗೆ ಬೀಳುವುದಿಲ್ಲ; ಹಬ್ಬ ಮುಗಿದ ಮೇಲೆ ಬಾಕಿ ವಸೂಲಿಗೆ ಮನೆಮನೆಗೆ ಬರುತ್ತಾನೆ. ಅಳಿಯ ಅವನನ್ನು ಕೂರಿಸಿ ಕೈಗೆ ಮೌಸ್ ಕೊಟ್ಟ. ಸೀಟಿನ ತುದಿಯಲ್ಲಿ ಕೂತು, ಚಪ್ಪಲಿ ಬಿಟ್ಟು, ಬಹಳ ಗಂಭೀರವಾಗಿ ಒಂದು ಗಾಡಿಗೆ ಬಣ್ಣ ಹೊಡೆದ. ಆಮೇಲೆ ಹೇಳಿದ್ದನ್ನು ಯಾವ ಸಂಶೋಧಕನೂ ಬರೆದುಕೊಂಡಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

"ವಾಸನಿ ಇಲ್ಲರಿ" ಎಂದ ಮೊದಲು. ಟರ್ಪೆಂಟೈನ್ ಮೂಗಿಗೆ ಬಡಿಯದ ಬಣ್ಣ ಅವನಿಗೆ ಬಣ್ಣವಲ್ಲ. "ಗಾಳಿ ಇಲ್ಲ" ಎಂದ ಆಮೇಲೆ. ಜತ್ತದ ಬಯಲಿನಲ್ಲಿ ಸ್ಪ್ರೇ ಹಿಡಿದರೆ ಅರ್ಧ ಬಣ್ಣ ಗೇಟಿಗೆ, ಅರ್ಧ ಪಕ್ಕದ ಮನೆಯ ಎಮ್ಮೆಗೆ. "ಪುಟ್ಟಿ ಇಲ್ಲ, ಪಾಲಿಶ್ ಪೇಪರ್ ಇಲ್ಲ, ಕುತಿಗಿ ನೋಯಾಂಗಿಲ್ಲ. ಕೆಳಗಿಂದ ಯಾರೂ ಏಣಿ ಅಲುಗ್ಯಾಡ್ಸಾಂಗಿಲ್ಲ." ನಂತರ ಅಳಿಯನ ಕಡೆ ತಿರುಗಿ, "ರೊಕ್ಕಾ?" ಎಂದು ಕೇಳಿದ. ಕೆಲಸ ಮುಗಿದ ಕೂಡಲೇ ತಾನಾಗಿಯೇ ಜಮಾ ಆಗುತ್ತದೆ ಎಂದ ಅಳಿಯ. ಪೇಂಟರ್ ಲ್ಯಾಪ್‌ಟಾಪಿನ ಪರದೆಯನ್ನು ಬಗ್ಗಿ ಇನ್ನೊಮ್ಮೆ ನೋಡಿದ. "ಎಲ್ಲಾ ಖರೇ ಅನಸ್ತಿತ್ತರಿ, ಇದೊಂದ ಸುಳ್ಳ."

ನಮ್ಮವ್ವನ ತಕರಾರು ಬೇರೆ. ಆಕೆಯ ಕಾಲದಲ್ಲಿ ಹಬ್ಬದ ಮುಂಚೆ ಸುಣ್ಣದ ಹರಳನ್ನು ಹಂಡೆಯಲ್ಲಿ ನೆನೆಹಾಕಿದರೆ ಅದು ಕುದಿಯುವುದನ್ನು ನೋಡಲು ಓಣಿಯ ಹುಡುಗರೆಲ್ಲ ಸೇರುತ್ತಿದ್ದೆವು. ಅದಕ್ಕೆ ನೀಲಿ ಬೆರೆಸಿ, ನಾರಿನ ಕುಂಚದಿಂದ ಬಳಿದು, ಬುಡಕ್ಕೆ ಹುರಮಂಜಿಯ ಪಟ್ಟಿ ಎಳೆಯುತ್ತಿದ್ದರು. ಬಳಿಯುವುದು ಅರ್ಧ ದಿನ, ನೆಲಕ್ಕೆ ಬಿದ್ದ ಸುಣ್ಣ ತಿಕ್ಕುವುದು ಎರಡು ದಿನ. ಆಟದಲ್ಲಿ ಅಂಟಿಸಿದ ಟೇಪು ಕಿತ್ತರೆ ಮಾಯವಾಗುವುದನ್ನು ನೋಡಿ, "ಆ ಕಸಾ ಎಲ್ಲಿ ಹೋತ?" ಎಂದು ಕೇಳಿದಳು. ಅಳಿಯನಲ್ಲಿ ಉತ್ತರವಿರಲಿಲ್ಲ. "ಗಂಡಸರು ಮಾಡಿದ ಆಟ" ಎಂದು ಎದ್ದು ಹೋದಳು. ಆಟಗಾರರ ಅಭಿಪ್ರಾಯಗಳ ಪೈಕಿ ಇದಕ್ಕಿಂತ ಚಿಕ್ಕದೂ ಚೊಕ್ಕದೂ ಆದದ್ದು ನನಗೆ ಸಿಕ್ಕಿಲ್ಲ.

ಕುರಿ ಸಾಕುವ ನೆರೆಮನೆಯ ಕಾಕಾ ಕಾರಹುಣ್ಣಿಮೆಯ ಪ್ರಶ್ನೆ ಎತ್ತಿದರು. ಗಾಡಿ ನಿಂತಿರುತ್ತದೆ, ಗೋಡೆ ನಿಂತಿರುತ್ತದೆ, ಅದರಲ್ಲೇನು ಕಸುಬು? ಎತ್ತಿನ ಕೋಡಿಗೆ ಬಣ್ಣ ಹಚ್ಚುವ ಆಟ ಇದೆಯೇ? ಇಲ್ಲ ಎಂದ ಅಳಿಯ. ಇರುವುದು ಸಾಧ್ಯವೂ ಇಲ್ಲ. ಆ ಒಂದು ಮಜಲು ಸೇರಿಸಿದರೆ 39 ದೇಶಗಳ ಆರಾಮವೂ ಒಂದೇ ಏಟಿಗೆ ಹಾರಿಹೋದೀತು.

ಇಷ್ಟರಲ್ಲಿ ಪೇಂಟರ್ ಮತ್ತೆ ಮೌಸ್ ಹಿಡಿದಿದ್ದ. ಬಾಕಿ ಕೇಳಲು ಬಂದದ್ದನ್ನು ಮರೆತಿದ್ದ, ನಾನೂ ನೆನಪಿಸಲಿಲ್ಲ. ಅವನ ಮೋರೆಯನ್ನು ನೋಡುತ್ತಿದ್ದಾಗಲೇ ನನಗೆ ಈ ಆಟದ ಗುಟ್ಟು ಹೊಳೆದದ್ದು. ಎರಡೂ ಭಾಷೆಯಲ್ಲಿ ಅಕ್ಷರ ಬರೆಯಬಲ್ಲ ಕೈ ಅದು. ಶಾಲೆಯ ಗೋಡೆಯ ಮೇಲೆ ಮರಾಠಿ, ಅದರ ಕೆಳಗೆ ಕನ್ನಡ. ಕೊಂಬು ಗುಂಡಗೆ, ಶಿರೋರೇಖೆ ನೆಟ್ಟಗೆ. ಫ್ಲೆಕ್ಸು ಬಂದು ಬೋರ್ಡಿನ ಕೆಲಸ ಕಿತ್ತುಕೊಂಡ ಮೇಲೆ ಚುನಾವಣೆಯ ಗೋಡೆಗಳು ಉಳಿದವು, ಈಗ ಅವೂ ಕಡಿಮೆ. ಆದರೆ ಇಷ್ಟು ವರ್ಷದಲ್ಲಿ ಒಂದಾದರೂ ಅಕ್ಷರವನ್ನು ಅವನು ಒಂಟಿಯಾಗಿ ಬರೆದದ್ದಿಲ್ಲ. ಜತ್ತ ಎಂದು ಬರೆಯಬೇಕೋ ಜತ್ ಎಂದೋ ಎಂದು ಕೆಳಗೆ ನಿಂತವರು ಜಗಳಾಡಿ ಮುಗಿಸುವವರೆಗೆ ಕುಂಚ ಎತ್ತಿಹಿಡಿದು ಏಣಿಯ ಮೇಲೆ ಕಾದವನು. ಸ್ಪ್ಯಾಟರ್‌ವಿಲ್ಲಿನಲ್ಲಿ ಎಲ್ಲ ಉಂಟು, ಸೊಂಟದ ಮೇಲೆ ಕೈ ಇಟ್ಟು ನಿಲ್ಲುವ ಆ ಮಂದಿ ಮಾತ್ರ ಇಲ್ಲ. ಈ ಜಾತಿಯ ಆಟಗಳು ಮಾರುವ ಆರಾಮ ಬಣ್ಣದ್ದೂ ಅಲ್ಲ, ನೀರಿನದ್ದೂ ಅಲ್ಲ. ಕೆಲಸವನ್ನು ಹಾಗೇ ಇಟ್ಟು ನೋಡುವವರನ್ನು ತೆಗೆದುಹಾಕಿದ್ದಾರೆ. ಆ ನೋಡುವವರು ಎಲ್ಲಿಗೆ ಹೋದರು? ಸ್ಟೀಮಿನ ಅಂಗಡಿಯ ಮುಂದೆ ಹೋಗಿ ಹೆಬ್ಬೆರಳು ಎತ್ತುತ್ತ ಇಳಿಸುತ್ತ ನಿಂತಿದ್ದಾರೆ.

ನಮ್ಮಲ್ಲಿ ಆ ವ್ಯವಸ್ಥೆ ಬಹಳ ಹೊತ್ತು ಉಳಿಯಲಿಲ್ಲ. ಕಾಕಾ, ಅವರ ಮಗ, ಹಾಲು ಹಾಕುವ ಹುಡುಗ, ಹಾದಿಯಲ್ಲಿ ಹೋಗುತ್ತಿದ್ದ ಇನ್ನಿಬ್ಬರು ಲ್ಯಾಪ್‌ಟಾಪಿನ ಹಿಂದೆ ಸೇರಿದರು. "ಬಾಗಲಾ ಉಳೀತಲ್ಲೋ." "ಆ ಕೆಂಪ ಭಾಳ ಗಾಢ ಆತ." "ಗನ್ ದೂರ ಹಿಡಿ, ಗನ್ ದೂರ ಹಿಡಿ!" ಪೇಂಟರ್ ನಿಟ್ಟುಸಿರು ಬಿಟ್ಟು ಮೌಸ್ ಕೆಳಗಿಟ್ಟ. ಈಗ ಖರೇ ಕೆಲಸದ ಹಾಂಗ ಆತು ನೋಡ್ರಿ ಎಂದ.

ಹೋಗುವಾಗ ಅವನು ಗಟ್ಟುವಿನ ಮಾತೆತ್ತಿದ. ಏಷ್ಯನ್ ಪೇಂಟ್ಸ್ ಡಬ್ಬಿಯ ಮೇಲೆ ಕುಂಚ ಹಿಡಿದು ನಿಲ್ಲುತ್ತಿದ್ದ ಆ ತುಂಟ ಹುಡುಗನನ್ನು 1954ರಲ್ಲಿ ಬರೆದದ್ದು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್. ಪೇಂಟರನ ಮನೆಯಲ್ಲಿ ಈಗಲೂ ಅಂಥದೊಂದು ಹಳೇ ಡಬ್ಬಿ ಇದೆ, ಜೋಳ ಅಳೆಯುತ್ತಾರೆ. "ಅಂವಾ ಡಬ್ಬಿ ಹಿಡದ ನಿಂತಿದ್ದನ್ನಷ್ಟ ನೋಡೇನ್ರಿ, ಗ್ವಾಡಿಗೆ ಹಚ್ಚಿದ್ದ ನೋಡಿಲ್ಲ. ಈ ಆಟಾ ಅವಗ ಮಾಡ್ಯಾರ" ಎಂದ.

ನನ್ನ ಅಭಿಪ್ರಾಯ ಕೇಳಿದರೆ ಆಟಕ್ಕೆ ಬೆರಳು ಮೇಲೆ. ತಲೆ ಕಾದವರು ಆಡಿ. ಬಾಗಿಲು ಹಾಕಿಕೊಂಡು ಆಡಿ. ಬೇಸರ ಬಂದರೂ ಚಿಂತೆಯಿಲ್ಲ. ಕೊಂಡು ಹದಿನಾಲ್ಕು ದಿನದೊಳಗೆ, ಎರಡು ತಾಸು ಆಡುವ ಮುಂಚೆ ಬೇಡ ಎಂದರೆ ಸ್ಟೀಮಿನವರು ದುಡ್ಡು ಮರಳಿ ಕೊಡುತ್ತಾರೆ. ನಮ್ಮ ಪೇಂಟರನ ಹತ್ತಿರ ಆ ಸೌಲಭ್ಯವಿಲ್ಲ. ಮುಂದಿನ ದಸರೆಗೆ ಅವನು ಬೇಕಾದವರು ಶ್ರಾವಣದಲ್ಲೇ ಮುಂಗಡ ಕೊಟ್ಟು ಹೇಳಿಡಿ, ಹಳೇ ಬಾಕಿ ಇದ್ದರೆ ಅದನ್ನೂ ಸೇರಿಸಿ ಕೊಡಿ.