ಏನು ಕೊಟ್ಟರೂ ಉಣ್ಣುವ ಯಂತ್ರ

ಜಗತ್ತಿನಲ್ಲಿ ಅತಿ ಹೆಚ್ಚು ಮಂದಿ ಕಣ್ಣು ಕಿರಿದು ಮಾಡಿಕೊಂಡು ನೋಡಿದ 5 ಯಾವುದು ಎಂದು ಯಾರಾದರೂ ಕೇಳಿದರೆ, ನಾನು ಎಮ್‌ನಿಸ್ಟ್ ಸಂಗ್ರಹದ ಮೊಟ್ಟಮೊದಲ ಚಿತ್ರದತ್ತ ಬೆರಳು ತೋರಿಸುತ್ತೇನೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗೀಟು. ನೆತ್ತಿಯ ಗೆರೆ ಬಲಕ್ಕೆ ಹಾರಿಹೋಗುವ ತಯಾರಿಯಲ್ಲಿದೆ, ಹೊಟ್ಟೆ ಒಳಕ್ಕೆ ಸೇದಿಕೊಂಡಿದೆ, ಬಾಲ ಎಡಕ್ಕೆ ಉದ್ದಕ್ಕೂ ಚಾಚಿದೆ. 3 ಎಂದು ವಾದ ಹೂಡಿದರೂ ಗೆಲ್ಲಬಹುದು. ಕೈಬರಹದ ಅಂಕೆ ಓದುವುದನ್ನು ಕಂಪ್ಯೂಟರಿಗೆ ಕಲಿಸಹೊರಟ ಲಕ್ಷಾಂತರ ವಿದ್ಯಾರ್ಥಿಗಳಿಗೆ ಮೊದಲ ದರ್ಶನ ಕೊಡುವುದು ಈ ಮಹಾನುಭಾವನೇ.

ಇದನ್ನು ಬರೆದ ಪುಣ್ಯಾತ್ಮರು ಯಾರೋ. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ ಒಂದಷ್ಟು ಅಂಕೆಗಳನ್ನು ಅಲ್ಲಿನ ಜನಗಣತಿ ಇಲಾಖೆಯ ನೌಕರರಿಂದ ಬರೆಸಿತ್ತು, ಇನ್ನೊಂದಷ್ಟನ್ನು ಹೈಸ್ಕೂಲು ಹುಡುಗರಿಂದ. ನೌಕರರ ಬರಹ ಅಚ್ಚುಕಟ್ಟು, ಹುಡುಗರದ್ದು ಹುಡುಗರದ್ದೇ. ಮೊದಲು ನೌಕರರ ಬರಹದಲ್ಲಿ ಪಾಠ, ಹುಡುಗರ ಬರಹದಲ್ಲಿ ಪರೀಕ್ಷೆ ಎಂಬ ಏರ್ಪಾಡಿತ್ತು. ಇದು ಅನ್ಯಾಯವೆಂದು ಕಂಡು ಯಾನ್ ಲೆಕುನ್, ಕೊರಿನಾ ಕಾರ್ಟೆಸ್, ಕ್ರಿಸ್ಟೋಫರ್ ಬರ್ಜಸ್ ಎಂಬ ಮೂವರು ಎರಡನ್ನೂ ಬೆರೆಸಿ ಎಮ್‌ನಿಸ್ಟ್ ಮಾಡಿದರು. ಕಲಿಯಲು 60,000 ಚಿತ್ರ, ಪರೀಕ್ಷೆಗೆ 10,000. ಒಂದೊಂದು ಚಿತ್ರವೂ ಅಡ್ಡ 28, ಉದ್ದ 28 ಚುಕ್ಕಿ, ಒಟ್ಟು 784. ಚುಕ್ಕಿಗೊಂದು ಬೈಟು, ಸೊನ್ನೆಯಿಂದ 255ರವರೆಗೆ.

ಈಗ ಗುಣಾಕಾರ ಮಾಡಿ. 60,000 ಚಿತ್ರಕ್ಕೆ 4,70,40,000 ಬೈಟು ಸಾಕು. ಫೈಲಿನ ಅಳತೆ ನೋಡಿದರೆ 4,70,40,016. ಆ ಮೇಲಿನ ಹದಿನಾರು ಬೈಟಿನಲ್ಲಿ ಎಷ್ಟು ಸ್ವಾರಸ್ಯ ಅಡಗಿದೆಯೆಂದರೆ, ಕೃತಕ ಬುದ್ಧಿಮತ್ತೆಯ ಭವಿಷ್ಯದ ಬಗ್ಗೆ ಭಾಷಣ ಮಾಡುವವರನ್ನು ಅವರ ಪಾಡಿಗೆ ಬಿಟ್ಟು ನಾನು ಇದನ್ನೇ ನೋಡುತ್ತಾ ಕೂತೇನು.

ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು, "ಚಿಕ್ಕಪ್ಪ, ಈ ಫೈಲು ಹಾಳಾಗಿದೆ ನೋಡಿ" ಎಂದ. ಫೈಲು ನೆಟ್ಟಗೇ ಇತ್ತು. ಅವನು ಅದನ್ನು ಬರಹದ ಫೈಲಿನಂತೆ ತೆರೆದಿದ್ದ. ಪೈಥಾನಿನಲ್ಲಿ ಬೈನರಿ ಫೈಲು ತೆರೆಯುವಾಗ ‘ಆರ್’ ಜೊತೆಗೆ ‘ಬಿ’ ಎಂಬ ಅಕ್ಷರವನ್ನೂ ಸೇರಿಸಬೇಕು. ಸೇರಿಸದಿದ್ದರೆ ಅದು ಸಾಮಾನ್ಯವಾಗಿ ಒಳಗಿನ ಬೈಟುಗಳನ್ನು ಯುಟಿಎಫ್-8 ಬರಹವೆಂದು ಓದಲು ಹೋಗಿ ಏಳನೆಯ ಬೈಟಿನಲ್ಲೇ ಕೈಚೆಲ್ಲುತ್ತದೆ. ಆ ಬೈಟು 234. ಅದರ ಬೆನ್ನಿಗೆ ಬರಬೇಕಾದ ಬೈಟು ಬರದೆ 96 ಬಂದು ನಿಂತಿರುತ್ತದೆ. ಕೆಂಪಕ್ಷರದ ದೂರು ಬರುತ್ತದೆ. ಇಂಥ ದೂರು ಬಂದರೆ ಸಂತೋಷಪಡಬೇಕು, ಏಕೆಂದರೆ ಈ ದಾರಿಯಲ್ಲಿ ಯಂತ್ರ ಬಾಯಿಬಿಟ್ಟು ದೂರುವ ಜಾಗಗಳು ಬಹಳ ಕಡಿಮೆ.

ಫೈಲಿನ ತಲೆಯಲ್ಲಿ ಕೂತ ಆ ಹದಿನಾರು ಬೈಟಿನಲ್ಲಿ ನಾಲ್ಕು ಸಂಖ್ಯೆಗಳಿವೆ, ತಲಾ ನಾಲ್ಕು ಬೈಟು: 2051, 60000, 28, 28. ಮೊದಲನೆಯದಕ್ಕೆ ‘ಮ್ಯಾಜಿಕ್ ನಂಬರ್’ ಎಂದು ಹೆಸರು. ಮ್ಯಾಜಿಕ್ಕೇನೂ ಇಲ್ಲ: ಒಳಗಿರುವುದು ಬೈಟುಗಳು ಎನ್ನುವುದಕ್ಕೆ 8, ಮೂರು ಆಯಾಮ ಎನ್ನುವುದಕ್ಕೆ 3, ಎರಡನ್ನೂ ಅಕ್ಕಪಕ್ಕ ಕೂರಿಸಿದರೆ 8 ಸಲ 256, ಕೂಡು 3. ಮುಂದಿನ 60000 ಎಂಬುದೇ ಆ 234 ಮತ್ತು 96ರ ಜೋಡಿ. 234 ಸಲ 256ಕ್ಕೆ 96 ಕೂಡಿಸಿ, ಸರಿಹೋಗುತ್ತದೆ. ಆದರೆ ನಮ್ಮ ಮನೆಗಳ ಇಂಟೆಲ್ ಕಂಪ್ಯೂಟರು ಸಂಖ್ಯೆಯನ್ನು ಕಿರಿಯ ಬೈಟಿನಿಂದ ಓದಿ ರೂಢಿ. ಈ ಫೈಲಿನಲ್ಲಿ ಹಿರಿಯ ಬೈಟು ಮೊದಲು. ಹೇಳಿಕೊಡದಿದ್ದರೆ ಕಂಪ್ಯೂಟರು 60000ವನ್ನು 162,59,48,160 ಎಂದು ಓದುತ್ತದೆ. ಭಾರತದ ಪ್ರತಿಯೊಬ್ಬ ಪ್ರಜೆಯೂ ಒಂದೊಂದು ಅಂಕೆ ಬರೆದುಕೊಟ್ಟರೂ ಇಷ್ಟು ಚಿತ್ರ ಆಗಲಿಕ್ಕಿಲ್ಲ.

ಹಿರಿಯ ಬೈಟು ಮೊದಲೋ ಕಿರಿಯದು ಮೊದಲೋ ಎಂಬ ಜಗಳ ಹಳೆಯದು. ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಚೂಪು ತುದಿಯಿಂದಲೋ ಎಂದು ಹೊಡೆದಾಡಿದ ಜನರ ಕಥೆ ಜೊನಾಥನ್ ಸ್ವಿಫ್ಟನ ‘ಗಲಿವರ್ಸ್ ಟ್ರಾವೆಲ್ಸ್’ನಲ್ಲಿದೆ (1726). 1980ರ ಏಪ್ರಿಲ್ 1ರಂದು, ದಿನ ನೋಡಿಯೇ ಇಟ್ಟಂತೆ, ಡ್ಯಾನಿ ಕೊಹೆನ್ ಎಂಬ ವಿಜ್ಞಾನಿ ಶಾಂತಿ ಕೋರಿ ಬರೆದ ಲೇಖನದಲ್ಲಿ ಅಲ್ಲಿಂದಲೇ ‘ಬಿಗ್ ಎಂಡಿಯನ್’, ‘ಲಿಟಲ್ ಎಂಡಿಯನ್’ ಎಂದು ಎರಡು ಪಂಗಡಗಳಿಗೆ ನಾಮಕರಣ ಮಾಡಿದರು. ಶಾಂತಿ ನೆಲೆಸಲಿಲ್ಲ, ಹೆಸರು ಮಾತ್ರ ನಿಂತಿತು.

ನಮ್ಮ ಸಂಗೀತಗಾರರು ಈ ವಿಷಯದಲ್ಲಿ ಇಂಟೆಲ್ ಪಂಗಡದವರು. ಮೇಳಕರ್ತ ರಾಗದ ಹೆಸರಿನ ಮೊದಲೆರಡು ಅಕ್ಷರದಲ್ಲಿ ರಾಗದ ಸಂಖ್ಯೆ ಇರುತ್ತದೆ. ಧೀರಶಂಕರಾಭರಣ: ಅಕ್ಷರಕ್ಕೊಂದು ಅಂಕೆ ಕೊಡುವ ಕಟಪಯಾದಿಯ ಲೆಕ್ಕದಲ್ಲಿ ‘ಧ’ 9, ‘ರ’ 2. ತಿರುಗಿಸಿ ಓದಿದರೆ 29ನೆಯ ಮೇಳ. ಮೇಚಕಲ್ಯಾಣಿ: 5, 6; ತಿರುಗಿಸಿದರೆ 65. ಬಿಡಿ ಸ್ಥಾನ ಮೊದಲು, ಹತ್ತರ ಸ್ಥಾನ ಆಮೇಲೆ. ಈ ರೂಢಿ ತಿಳಿಯದೆ 92ನೆಯ ಮೇಳ ಹುಡುಕಿಕೊಂಡು ಹೊರಟವನಿಗೆ 72ರಲ್ಲೇ ದಾರಿ ಮುಗಿಯುತ್ತದೆ. ಪೈಥಾನಿನಲ್ಲಾದರೆ ‘ಗಿಂತ ದೊಡ್ಡದು’ ಎಂಬ ಗಣಿತದ ಚಿಹ್ನೆಯನ್ನು ಸಂಖ್ಯೆ ಓದುವ ಸೂಚನೆಯ ಮುಂದೆ ಹಾಕಿದರಾಯಿತು, 162 ಕೋಟಿ ತಣ್ಣಗೆ 60,000ಕ್ಕೆ ಇಳಿಯುತ್ತದೆ.

ಇವೆಲ್ಲ ಕಣ್ಣಿಗೆ ಹೊಡೆಯುವ ತಪ್ಪುಗಳು. ನಾನು ಹೆದರುವುದು ಸದ್ದಿಲ್ಲದವಕ್ಕೆ. ತಲೆಯ ಹದಿನಾರು ಬೈಟು ಬಿಡುವುದನ್ನು ಮರೆತು, ಚಿತ್ರಕ್ಕೆ 784ರಂತೆ ಮೊದಲಿನಿಂದಲೇ ಎಣಿಸುತ್ತಾ ಹೋದರೆ ಪ್ರತಿ ಅಂಕೆಯೂ ಸೀಳುತ್ತದೆ. ಎಡ ಮಗ್ಗುಲು ಚೌಕದ ಬಲ ಅಂಚಿಗೆ ಹೋಗಿ ಕೂರುತ್ತದೆ, ಬಲ ಮಗ್ಗುಲು ಒಂದು ಸಾಲು ಕೆಳಗಿಳಿದು ಎಡ ಅಂಚಿಗೆ ಬರುತ್ತದೆ. ಮನುಷ್ಯರು ನೋಡಿದರೆ ಬೆಚ್ಚಿಬೀಳಬೇಕು. ಎಲ್ಲ ಚುಕ್ಕಿಯನ್ನೂ ಎಲ್ಲದಕ್ಕೂ ಜೋಡಿಸಿದ, ಅಂಕೆ ಕಲಿಯುವ ಸಾದಾ ನರಜಾಲ (ನ್ಯೂರಲ್ ನೆಟ್‌ವರ್ಕ್) ಮಾತ್ರ ಬೆಚ್ಚುವುದಿಲ್ಲ. ಅದಕ್ಕೆ ಎಡ-ಬಲದ ಹಂಗೇ ಇಲ್ಲ. ಎಲ್ಲವೂ ಒಂದೇ ರೀತಿ ಸೀಳಿದ್ದರೆ ಸೀಳಿದ್ದನ್ನೇ ಕಲಿತು ಒಳ್ಳೆಯ ಅಂಕ ತಂದು ತೋರಿಸುತ್ತದೆ.

ಇನ್ನೊಂದಿದೆ. ಯಾವ ಚಿತ್ರ ಯಾವ ಅಂಕೆ ಎಂದು ಹೇಳುವ ಲೇಬಲ್ ಫೈಲು ಬೇರೆ. ಅದರ ತಲೆ ಹದಿನಾರಲ್ಲ, ಎಂಟೇ ಬೈಟು. ಹದಿನಾರು ಬಿಟ್ಟು ರೂಢಿಯಾದ ಕೈ ಇಲ್ಲೂ ಹದಿನಾರು ಬಿಟ್ಟಿತೋ, ಎಲ್ಲ ಹೆಸರುಗಳೂ ಎಂಟು ಮನೆ ಜರುಗುತ್ತವೆ. ನಮ್ಮ ಸೊಟ್ಟ 5ಕ್ಕೆ 1 ಎಂಬ ಹೆಸರು ಬರುತ್ತದೆ. ಪೈಥಾನಿನಲ್ಲಿ ಎರಡು ಪಟ್ಟಿ ಜೋಡಿಸುವ ‘ಜಿಪ್’ ಬಳಸಿದ್ದರೆ ಕೊನೆಯ ಎಂಟು ಚಿತ್ರಗಳಿಗೆ ಹೆಸರೇ ಇಲ್ಲವೆಂದು ಅದು ತುಟಿಪಿಟಕ್ಕೆನ್ನುವುದಿಲ್ಲ. ಜಾಲ ಸಣ್ಣದಾದರೆ ಏನೂ ಕಲಿಯದೆ ಹತ್ತಕ್ಕೊಂದು ಸರಿ ಹೇಳುತ್ತಾ ಕೂರುತ್ತದೆ. ದೊಡ್ಡದಾದರೆ ಇನ್ನೂ ಅಪಾಯ: ಲೇಬಲ್ಲುಗಳನ್ನು ಬೇಕೆಂದೇ ಕಲಸಿಕೊಟ್ಟರೂ ದೊಡ್ಡ ಜಾಲಗಳು ಎಲ್ಲವನ್ನೂ ಉರು ಹೊಡೆದು ಒಪ್ಪಿಸುತ್ತವೆಂದು ಚಿಯುವಾನ್ ಝಾಂಗ್ ಮತ್ತು ಸಂಗಡಿಗರು 2016ರಲ್ಲೇ ತೋರಿಸಿದ್ದಾರೆ. ಅರ್ಥವಾಗದಿದ್ದರೂ ಬಾಯಿಪಾಠದಲ್ಲಿ ನೂರಕ್ಕೆ ನೂರು.

ಆದ್ದರಿಂದ ನಾನು ಅಣ್ಣನ ಮಗನಿಗೆ ಹೇಳಿದ್ದು ಇಷ್ಟೇ: ಬೈಟುಗಳನ್ನು 255ರಿಂದ ಭಾಗಿಸು, ಕಲಸು, ಕಂತು ಕಂತಾಗಿ ಉಣಿಸು, ಅದೆಲ್ಲ ಪುಸ್ತಕದಲ್ಲಿದೆ, ಅದಕ್ಕೂ ಮೊದಲು ಅಲ್ಲಿಂದಿಲ್ಲಿಂದ ನಾಲ್ಕು ಚಿತ್ರ ತೆಗೆದು ಪಕ್ಕದಲ್ಲಿ ಲೇಬಲ್ ಇಟ್ಟುಕೊಂಡು ಸ್ವಂತ ಕಣ್ಣಿಂದ ನೋಡು. ಉಣ್ಣುವವರು ಬೇಡ ಎನ್ನದ ಮನೆಯಲ್ಲಿ ಬಡಿಸುವವರೇ ರುಚಿ ನೋಡಬೇಕು.

ಹುಡುಗ ಬೇಗ ಕಲಿತ, ಅಲ್ಲಿಂದ ಕನ್ನಡಕ್ಕೂ ಬಂದ. ವಿನಯ್ ಉದಯ್ ಪ್ರಭು 2019ರಲ್ಲಿ ಕನ್ನಡ ಅಂಕೆಗಳ ಇಂಥದೇ ಸಂಗ್ರಹ ಸಿದ್ಧಪಡಿಸಿದ್ದಾರೆ. ಅಳತೆ, ಲೆಕ್ಕ ಎಲ್ಲ ಎಮ್‌ನಿಸ್ಟಿನದ್ದೇ. ಅವಸರದಲ್ಲಿ ಬರೆದ ೩ ಮತ್ತು ೭, ೬ ಮತ್ತು ೯ ಅಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಇವುಗಳಲ್ಲಿ ಕೆಲವನ್ನು ಬಿಡಿಸಿ ಹೇಳಲು ನಮ್ಮ ಅಮ್ಮನನ್ನೇ ಕರೆಸಬೇಕಾಯಿತು. ಅಮ್ಮ ಕನ್ನಡಕ ಏರಿಸಿ ಒಂದೊಂದನ್ನೂ ಓದಿ, "ಇದಕ್ಕೆ ಗೊತ್ತಾಗಲಿಲ್ಲ ಅಂದ್ರೆ ಏನನ್ನುತ್ತೆ?" ಎಂದು ಕೇಳಿದಳು.

ಅದು ನಾನು ಕೇಳಬೇಕಿದ್ದ ಪ್ರಶ್ನೆ. ಈ ಜಾಲದ ಕೊನೆಗೆ ಇರುವುದು ಹತ್ತೇ ಮನೆ, ಸೊನ್ನೆಯಿಂದ ಒಂಬತ್ತು. ಯಾವ 784 ಬೈಟು ಕೊಟ್ಟರೂ, ಶಂಕರಾಭರಣದ ಧ್ವನಿಮುದ್ರಣದಿಂದ ಕತ್ತರಿಸಿ ಕೊಟ್ಟರೂ, ಹತ್ತರಲ್ಲಿ ಒಂದನ್ನು ಆರಿಸಿಯೇ ತೀರುತ್ತದೆ. ‘ಗೊತ್ತಿಲ್ಲ’ ಎಂಬ ಹನ್ನೊಂದನೆಯ ಮನೆ ಕಟ್ಟಿಲ್ಲ. ನಮ್ಮೂರ ಸರ್ಕಲ್ಲಿನಲ್ಲಿ ವಿಳಾಸ ಕೇಳಿದರೆ ಗೊತ್ತಿಲ್ಲದವರೂ "ಸೀದಾ ಹೋಗಿ ಎಡಕ್ಕೆ ತಿರುಗಿ" ಎನ್ನುವುದಿಲ್ಲವೇ, ಹಾಗೆ.

ಹುಡುಗ ತಡಮಾಡದೆ ಅಜ್ಜಿಯ ಫೋಟೋ ತೆಗೆದು, 28 ಚುಕ್ಕಿಗೆ ಕುಗ್ಗಿಸಿ ಉಣಿಸಿದ. ಜಾಲ ಎಳ್ಳಷ್ಟೂ ಅನುಮಾನಿಸದೆ ೮ ಎಂದಿತು.

"ಪಕ್ಕದಲ್ಲೊಂದು ಸೊನ್ನೆ ಹಾಕಿದ್ರೆ ವಯಸ್ಸಾದ್ರೂ ಸರಿಹೋಗ್ತಿತ್ತು" ಎಂದಳು ಅಮ್ಮ.