ತಾಳಗುಂದದ ಕೆರೆ ಮತ್ತು ಟಿಸಿಪಿ ಬಫರಿನ ಪ್ರಾಚೀನತೆ

ಅಂತರ್ಜಾಲದಲ್ಲಿ ಮಾಹಿತಿಯ ಪ್ಯಾಕೆಟ್ಟುಗಳನ್ನು ಸಾಗಿಸುವ ಟಿಸಿಪಿಯಲ್ಲಿ ಬಫರ್ ಎಂದರೆ ಕೆರೆ. ಕಂಜೆಶನ್ ವಿಂಡೋ ಎಂದರೆ ನೀರುಗಂಟಿ ಎತ್ತುವ ತೂಬಿನ ಬಾಯಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ, ಕದಂಬರ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಆ ಶಾಸನದಲ್ಲಿ ಟಿಸಿಪಿಯ ಹೆಸರಿಲ್ಲ. ಇಲ್ಲದಿರುವುದೇ ಬಲವಾದ ಸಾಕ್ಷಿ: ಎಲ್ಲರಿಗೂ ಗೊತ್ತಿದ್ದುದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಅದೇ ಕಂಬದಲ್ಲಿ, ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಕುದುರೆಯಾಳಿನೊಡನೆ ಜಗಳವಾಗಿ ಕತ್ತಿ ಹಿಡಿದ ಕಥೆಯೂ ಇದೆ. ಗುರಿ ಮುಟ್ಟಿಯೂ ಸ್ವೀಕಾರವಾಗದ ಪ್ಯಾಕೆಟ್ಟು ಇದಕ್ಕಿಂತ ಹಳೆಯದು ಸಿಕ್ಕಿಲ್ಲ.

ಕೆರೆ ಎಷ್ಟು ದೊಡ್ಡದಿರಬೇಕು? ಕಾಲುವೆಯ ವೇಗವನ್ನು, ನೀರು ಹೋಗಿ "ಮುಟ್ಟಿತು" ಎಂಬ ಓಲೆ ಮರಳುವ ಹೊತ್ತಿನಿಂದ ಗುಣಿಸಬೇಕು. ಸೆಕೆಂಡಿಗೆ 100 ಮೆಗಾಬಿಟ್ ಸಂಪರ್ಕ, ಹೋಗಿಬರಲು 200 ಮಿಲಿಸೆಕೆಂಡು ಎಂದಿಟ್ಟುಕೊಂಡರೆ 2.5 ಮೆಗಾಬೈಟ್ ದಾರಿಯಲ್ಲೇ ಇರುತ್ತದೆ. ಬಫರಿನಲ್ಲಿ ಅಷ್ಟಾದರೂ ಜಾಗ ಬೇಕು. 1981ರ ಟಿಸಿಪಿ ನಿಯಮದಲ್ಲಿ, ಪಡೆಯುವವನು ತನ್ನಲ್ಲಿರುವ ಜಾಗ ಹೇಳುವ ಕಿಟಕಿಯ (ರಿಸೀವ್ ವಿಂಡೋ) ಅಳತೆಗೆ ಕೊಟ್ಟದ್ದು 16 ಬಿಟ್ಟು, ಅಂದರೆ ಹೆಚ್ಚೆಂದರೆ 65,535 ಬೈಟು. ಅಷ್ಟರಲ್ಲೇ ಉಳಿದರೆ 100ಕ್ಕೆ ದುಡ್ಡು ಕೊಟ್ಟ ಸೊರಬದ ಅಡಿಕೆ ಬೆಳೆಗಾರನಿಗೆ ಒಂದು ಸಂಪರ್ಕದಲ್ಲಿ ದಕ್ಕುವುದು 2.6 ಮೆಗಾಬಿಟ್ ಮಾತ್ರ. 1992ರಲ್ಲಿ ವಿಂಡೋ ಸ್ಕೇಲಿಂಗ್ ಬಂದು ಏರಿ ಎತ್ತರವಾಯಿತು.

ಇನ್ನು ತೂಬು. ಕೆಳಗಿನ ಗದ್ದೆ ಹಿಡಿಯುವಷ್ಟು, ನಡುವಿನ ಕಾಲುವೆ ತಡೆಯುವಷ್ಟು, ಇವೆರಡರಲ್ಲಿ ಕಡಿಮೆಯದನ್ನಷ್ಟೇ ಬಿಡಬೇಕು. ಗದ್ದೆಯವನು ತನ್ನ ಅಳತೆ ಹೇಳುತ್ತಾನೆ. ಕಾಲುವೆ ಬಾಯಿ ಬಿಡುವುದಿಲ್ಲ. ಆದ್ದರಿಂದ ನೀರುಗಂಟಿ ಮೊದಲು 10 ಪ್ಯಾಕೆಟ್ ಬಿಟ್ಟು ನೋಡುತ್ತಾನೆ, ಓಲೆ ಬಂದರೆ 20, ಆಮೇಲೆ 40. ಹೀಗೆ ಇಮ್ಮಡಿಯಾಗುವುದಕ್ಕೆ ಪಂಡಿತರು "ನಿಧಾನ ಆರಂಭ" ಎಂದು ಹೆಸರಿಟ್ಟಿದ್ದಾರೆ. ಮಿತಿ ಮುಟ್ಟಿದ ಮೇಲೆ ಸುತ್ತಿಗೊಂದೇ ಪ್ಯಾಕೆಟ್ ಏರಿಕೆ. ಎಲ್ಲಾದರೂ ಒಡೆದು ನೀರು ಸೋರಿತೋ, ತೂಬನ್ನು ಅರ್ಧಕ್ಕೆ ಇಳಿಸುವುದು ಹಳೆಯ ಪದ್ಧತಿ. ಲಿನಕ್ಸಿನ ಕ್ಯೂಬಿಕ್ ನೀರುಗಂಟಿ ಶೇ. 70ಕ್ಕಷ್ಟೇ ಇಳಿಸುತ್ತಾನೆ.

ಈ ವಿವೇಕ ಅಮೆರಿಕಕ್ಕೆ ತಡವಾಗಿ ತಲುಪಿತು. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ 400 ಗಜ ದೂರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್ಟಿನಿಂದ 40ಕ್ಕೆ ಕುಸಿಯಿತು. ಚೀಟಿ ಬರೆದು ಹುಡುಗನ ಕೈಲಿ ಕಳಿಸಿದ್ದರೆ ಬೇಗ ಮುಟ್ಟುತ್ತಿತ್ತು. ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ 1988ರಲ್ಲಿ ಪರಿಹಾರ ಬರೆದರು; ತಾಳಗುಂದದ ಉಲ್ಲೇಖ ಅದರಲ್ಲಿಲ್ಲ.

ಕೆರೆ ದೊಡ್ಡದಾದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಸೊರಬದ ಕಡೆ ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನದಕ್ಕೆ ಹೋಗುತ್ತದೆ, ರೂಟರುಗಳೂ ಹಾಗೆಯೇ. ನಡುವಿನ ರೂಟರಿನ ಬಫರು ವಿಪರೀತ ದೊಡ್ಡದಾದರೆ ಕೋಡಿಯೇ ಬೀಳುವುದಿಲ್ಲ, ಕೋಡಿ ಬೀಳದೆ ನೀರುಗಂಟಿಗೆ ಸುದ್ದಿಯಿಲ್ಲ, ಅವನು ಬಿಡುತ್ತಲೇ ಇರುತ್ತಾನೆ. ನಷ್ಟವಿಲ್ಲ, ತಡ ಮಾತ್ರ. ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಹೊಟ್ಟೆಯುಬ್ಬರ ಎಂದರೂ ನಡೆದೀತು.

ಲಿನಕ್ಸ್ ಬಫರಿನ ಅಳತೆಯನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ. ಸಾಕೆಟ್ಟಿಗೆ ಕೈಯಾರೆ ಅಳತೆ ಗೊತ್ತುಮಾಡಿದರೆ ಆ ಕೆಲಸ ನಿಲ್ಲಿಸಿಬಿಡುತ್ತದೆ. ಆದರೆ ಮಿತಿಯೊಳಗೆ ಕೇಳಿದ್ದಕ್ಕೆ ಎರಡರಷ್ಟು ಜಾಗ ಮಂಜೂರು ಮಾಡುತ್ತದೆ. ಯಾವುದೇ ತಾಲ್ಲೂಕು ಕಚೇರಿ ಹೀಗೆ ಮಾಡಿದ ನಿದರ್ಶನ ಶಾಸನಗಳಲ್ಲಿಲ್ಲ.