ಎಲ್ಲರ ಉದ್ಯಾನ

ಗೇಟಿನ ಮೇಲೆ ‘ಎಲ್ಲ ಮಕ್ಕಳಿಗೂ ಸ್ವಾಗತ’ ಎಂಬ ಫಲಕ. ಗೇಟಿನಲ್ಲಿ, ಬೈಕು ನುಗ್ಗದಂತೆ ನೆಟ್ಟ ಕಬ್ಬಿಣದ ಕಂಬಗಳು. ಪಕ್ಕದಲ್ಲಿ ಕಾವಲುಗಾರ.

“ಅಣ್ಣಾ, ವೀಲ್‌ಚೇರ್ ಒಳಗೆ ಹೋಗೋದು ಹೇಗೆ?”

“ಆರಾಮಾಗಿ ಮೇಡಂ. ಪಾಪೂನ ಎತ್ಕೊಳಿ, ಕುರ್ಚಿ ಮಡಚಿ, ಕಂಬ ದಾಟ್ಸಿ.”

“ರ‍್ಯಾಂಪ್ ಇದೆ ಅಂದ್ರು?”

“ಐತಲ್ಲ! ಸಾಹೇಬ್ರ ಕಾರು ಅಡ್ಡ ನಿಂತೈತೆ, ಅದಕ್ಕೇ ಕಾಣ್ತಿಲ್ಲ.”

ಕಾರಿನ ಹಿಂದೆ ಇಣುಕಿದೆ. “ಒಂದಡಿ ಏರೋಕೆ ಹನ್ನೆರಡಡಿ ಉದ್ದ ಬೇಕು. ಇದು ಮೂರಡಿಗೇ ಮುಗಿದಿದೆ?”

“ಜಾಗ ಉಳಿಸವ್ರೆ. ಬೇಕಾದ್ರೆ ಜಾರಬಂಡೀನೂ ಆಯ್ತದೆ.”

“2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ…”

“ಯಾವ ಕಾಯ್ದೇಲಿ ಬಂದ್ರೂ ಎಂಟ್ರಿ ಫ್ರೀ ಮೇಡಂ.”

(ಆ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಉದ್ಯಾನ ಕಟ್ಟಿದ ಗುತ್ತಿಗೆದಾರನಿಗೆ ಗೊತ್ತಿರುವುದು ಒಂದೇ: ಬಿಲ್ಲು ಪಾಸಾಗದಿರುವುದು.)

ಅಂತೂ ಒಳಗೆ ಬಂದೆವು.

“ವೀಲ್‌ಚೇರ್ ಉಯ್ಯಾಲೆಗೆ ಬೀಗ ಯಾಕೆ?”

“ಮಕ್ಳು ಆಡಿದ್ರೆ ಹಾಳಾಗಲ್ವಾ?”

“ಕೀಲಿ?”

“ಡಿಸೆಂಬರ್ 3ಕ್ಕೆ ಬನ್ನಿ. ವಿಕಲಚೇತನರ ದಿನ. ಸಾಹೇಬ್ರು ಬರ್ತಾರೆ, ಅವತ್ತು ತೆಗೀತೀವಿ.”

ಮಗಳು ಕೇಳಿದಳು: “ಅಂಕಲ್, ಸಾಹೇಬ್ರು ಉಯ್ಯಾಲೆ ಆಡ್ತಾರಾ?”

“ಇಲ್ಲ ಪುಟ್ಟಿ, ರಿಬ್ಬನ್ ಕತ್ತರಿಸ್ತಾರೆ. ನೀನೂ ಬಾ. ಫೋಟೋಕ್ಕೆ ಹೋದ ವರ್ಷ ಮಗು ಸಿಗದೆ ನನ್ನನ್ನೇ ಕೂರಿಸಿದ್ರು.”